ನಮ್ಮ ಮನೆಯ ಬೀರಿನ ರುಚಿ

ನಮ್ಮ ಮನೆಯ ಬೀರಿಗೆ ಬೆಣ್ಣೆ ವಾಸನೆ ಹಿಡಿದಿದೆ ಎಂದು ಮೊದಲು ಗೊತ್ತಾದದ್ದು ನನಗೆ. ಗೊತ್ತಾಗಬಾರದಿದ್ದದ್ದೂ ನನಗೇ. ಅತ್ತೆ ಗಿರಿಯಮ್ಮ ಗುಡಾಣದ ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿ, ಮೊದಲ ಲೋಟ ತುಂಬಿ ನನ್ನ ಕೈಗೆ ಕೊಟ್ಟರು. ಗುಟುಕು ಗಂಟಲಿಗೆ ಇಳಿಯುವ ಮೊದಲೇ ಬಾಯಿ ತುಂಬ ಕಮಟು ಹರಡಿತು. ಬೆಣ್ಣೆ ಕಾಯಿಸಿ ತೊಳೆಯದೆ ಬಿಟ್ಟ ಬಾಣಲೆಯನ್ನು ನೆಕ್ಕಿದ ಹಾಗಿತ್ತು. ಮುಖ ಇದ್ದ ಹಾಗೇ ಇರಲಿ ಎಂದು ಹುಬ್ಬುಗಳನ್ನು ಬಿಗಿಯಾಗಿ ಹಿಡಿದುಕೊಂಡೆ.

"ಹೆಂಗೈತೆ?" ಎಂದರು ಅತ್ತೆ, ಕೇಳಬೇಕಲ್ಲ ಎಂದು ಕೇಳುವವರ ಹಾಗೆ.

"ನೀರು," ಎಂದೆ.

"ನೀರಲ್ದೆ ಇನ್ನೇನು ಪಾಯಸ ಇರ್ತೈತಾ," ಎಂದು ನಕ್ಕು ಅವರೂ ಒಂದು ಲೋಟ ಏರಿಸಿ ಸೆರಗಿನಲ್ಲಿ ಬಾಯಿ ಒರೆಸಿಕೊಂಡರು.

ಈ ಊರಿನಲ್ಲಿ ಯಾರಿಗೂ ತಮ್ಮ ಮನೆಯ ಬೀರಿನ ರುಚಿ ಹತ್ತುವುದಿಲ್ಲ. ವಾಸನೆಯೂ ಅಷ್ಟೆ. ಪಕ್ಕದ ಮನೆಯದಾದರೆ ಒಂದು ಹನಿಯಲ್ಲಿ ಹತ್ತು ದೋಷ ಹುಡುಕುವ ನಾಲಿಗೆ ತನ್ನ ಮನೆಯದರ ಮುಂದೆ ಬಾವಿನೀರು ಕುಡಿದಂತೆ ಸುಮ್ಮನಿರುತ್ತದೆ. ತಲೆಗೆ ಮಾತ್ರ ಸರಿಯಾಗಿಯೇ ಏರುತ್ತದೆ, ಹಾಗಾಗಿ ಯಾರೂ ಕುಡಿಯುವುದನ್ನು ಬಿಟ್ಟಿಲ್ಲ. ಪ್ರತಿ ಮನೆಗೂ ಒಂದು ನಾಲಿಗೆಮನೆ ಇರುತ್ತದೆ. ಹೊಸ ಗುಡಾಣ ತೆರೆದಾಗ ಆ ಮನೆಯವರು ತಮ್ಮದೇ ಲೋಟ ತಂದು, ಕುಡಿದು, ಏನಾಗಿದೆ ಎಂದು ಹೇಳಿ ಹೋಗಬೇಕು. ಉಳಿದವರು ಬಾಯಿ ಬಿಡುವಂತಿಲ್ಲ. ಇಷ್ಟವಾಗದಿದ್ದರೆ ಅರ್ಧ ಲೋಟ ಉಳಿಸಿ ಎದ್ದುಹೋಗುತ್ತಾರೆ, ಅಷ್ಟೆ. ನಾಲಿಗೆಮನೆಯವರ ಜೊತೆ ಜಗಳವಾಡಿದರೆ ಕಣ್ಣು ಕಟ್ಟಿಕೊಂಡು ಅಡುಗೆ ಮಾಡಿದಂತೆಯೇ ಸರಿ. ಅದಕ್ಕೇ ಈ ಬೀದಿಯಲ್ಲಿ ಬೇಲಿಯ ವ್ಯಾಜ್ಯವೂ ಮೂರು ದಿನಕ್ಕಿಂತ ಹೆಚ್ಚು ನಡೆದದ್ದನ್ನು ನಾನು ನೋಡಿಲ್ಲ.

ನಮ್ಮ ನಾಲಿಗೆಮನೆ ಸಣ್ಣೀರಮ್ಮನದು. ಹಿತ್ತಲ ಗೋಡೆಯ ಆಚೆ ಅವರ ಹಿಟ್ಟಿನ ಗಿರಣಿ. ಬೀರು ಮಾಡಲು ಬೀದಿಯವರು ಒಣಗಿಸಿಟ್ಟ ಮೊಳಕೆಕಾಳನ್ನೆಲ್ಲ ಒಡೆದುಕೊಡುವವರು ಅವರೇ ಆದ್ದರಿಂದ ಅವರ ಹುಬ್ಬಿನಲ್ಲಿ ಯಾವಾಗಲೂ ಹಿಟ್ಟು. ನಮ್ಮದಲ್ಲದೆ ಇನ್ನೂ ಎಷ್ಟೋ ಮನೆಯವರು ಅವರನ್ನೇ ಕರೆಯುತ್ತಿದ್ದರು. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಅವರ ಬೆನ್ನ ಹಿಂದೆ ನಿಂತು ಕೇಳಿಸಿಕೊಂಡದ್ದೇ ನನ್ನ ಕಲಿಕೆ. ಕೆರೆ ಕಡೆಯ ಮನೆಯಲ್ಲಿ, "ಬೇಯಿಸಿದ ಜೋಳದ ತೆನೆ ವಾಸ್ನೆ. ಕುದಿಯೋವಾಗ ಮುಚ್ಚಳ ಹಾಕಿದ್ರಲ್ಲ? ಹಬೆ ಹೊರಗೆ ಹೋಗ್ಬೇಕು, ಬಿಡಿ ಅದನ್ನ," ಎಂದರು. ಮೇಷ್ಟ್ರ ಮನೆಯಲ್ಲಿ, "ಒದ್ದೆ ರಟ್ಟು ಅಗಿದಂಗೈತೆ. ಎತ್ತರದಿಂದ ಸುರುವಿ ಗಾಳಿ ಕುಡಿಸೀರಿ." ಹೊಸದಾಗಿ ಮನೆ ಕಟ್ಟಿಸಿದವರ ಅಂಗಳದಲ್ಲಂತೂ ಒಂದೇ ಗುಟುಕಿಗೆ ಉಗಿದು, "ಏನ್ರೀ, ಆಸ್ಪತ್ರೆ ಪಟ್ಟಿ ನೆನೆಹಾಕೀರಾ? ಬ್ಲೀಚಿಂಗ್ ಪುಡಿ ನೀರಲ್ಲಿ ಗುಡಾಣ ತೊಳೆದು ಹಂಗೇ ಬಿಟ್ರಾ?" ಎಂದು ಎಲ್ಲರನ್ನೂ ನಗಿಸಿದರು. ಬೆಣ್ಣೆ ವಾಸನೆಯ ಬಗ್ಗೆಯೂ ಅವರ ಬಾಯಿಂದಲೇ ಕೇಳಿದ್ದೆ. ಹುದುಗಲು ಹಾಕಿದ ಹೆಪ್ಪಿನ ಮೇಲಿಂದ ಬೀರನ್ನು ಅವಸರದಲ್ಲಿ ತೆಗೆದರೆ ಹಾಗಾಗುತ್ತದೆ. ಬೆಚ್ಚಗಿನ ಜಾಗದಲ್ಲಿ ಇನ್ನಷ್ಟು ದಿನ ಬಿಟ್ಟರೆ ಹೆಪ್ಪು ತಾನು ಮಾಡಿದ ಬೆಣ್ಣೆಯನ್ನು ತಾನೇ ತಿಂದುಹಾಕುತ್ತದೆ.

ಹಾಗಾಗಿ ಸಣ್ಣೀರಮ್ಮ ಬರುತ್ತಾರೆ, ಹೇಳುತ್ತಾರೆ, ನನ್ನ ತಲೆನೋವು ತಪ್ಪುತ್ತದೆ ಎಂದುಕೊಂಡಿದ್ದೆ. ಅವರು ಬಂದರು. ತಮ್ಮ ಹಿತ್ತಾಳೆ ಲೋಟ ನಮ್ಮ ಗುಡಾಣದಲ್ಲಿ ಅದ್ದಿದರು, ಕಣ್ಣು ಮುಚ್ಚಿದರು, ಬಾಯಲ್ಲಿ ಆಡಿಸಿದರು.

"ಚೆನ್ನಾಗೈತೆ ಗಿರಿಯಕ್ಕ. ಒಂದು ಮಾತಿಲ್ಲ."

ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಅವರು ನನ್ನ ಕಡೆ ನೋಡಲಿಲ್ಲ.

ಇಲ್ಲಿ ನನ್ನ ವಿಷಯ ಹೇಳಬೇಕು. ಹೊರಗಿನಿಂದ ಬಂದ ಸೊಸೆಯರಿಗೆ ಮೊದಮೊದಲು ಗಂಡನ ಮನೆಯ ಬೀರಿನ ರುಚಿ ಹತ್ತುತ್ತದೆ. ಒಂದೆರಡು ಗುಡಾಣ ಕಳೆಯುವಷ್ಟರಲ್ಲಿ ಆ ರುಚಿ ಹತ್ತುವುದು ನಿಂತು ನಾಲಿಗೆ ಕೂರುತ್ತದೆ ಎನ್ನುತ್ತಾರೆ. ಹೆಂಗಸರು ಬಾವಿಕಟ್ಟೆಯಲ್ಲಿ, "ಏನವ್ವಾ, ನಾಲಿಗೆ ಕೂತ್ಕಂತಾ?" ಎಂದು ಬಸುರಿಯನ್ನು ಕೇಳುವ ದನಿಯಲ್ಲೇ ಕೇಳುತ್ತಾರೆ. ಕೂರದಿದ್ದರೆ ಯಾರೂ ಬೈಯುವುದಿಲ್ಲ, ಹೊಡೆಯುವುದಿಲ್ಲ. ಎರವಲು ತಂದ ಪಾತ್ರೆಯನ್ನು ತೊಳೆದು ಹಿಂದಿರುಗಿಸುವಂತೆ, ಹೊಸ ಸೀರೆ ಉಡಿಸಿ ತೌರಿಗೆ ಬಿಟ್ಟುಬರುತ್ತಾರೆ. ತೌರಲ್ಲಿದ್ದಾಗ ಮನಸ್ಸು ತಿರುಗಿ ನಾಲಿಗೆ ಕೂತರೆ ವಾಪಸು ಬಂದು ಎಲ್ಲರೆದುರು ಕುಡಿದು ತೋರಿಸಬಹುದು. ಹಾಗೆ ವಾಪಸು ಬಂದವರ ಕತೆಯನ್ನು ನಾನು ಕೇಳಿಲ್ಲ. ನಾನು ಬಂದ ವಾರವೇ ಎದುರು ಮನೆಯ ಹುಡುಗಿಯನ್ನು ಅದೇ ರೀತಿ ಕಳಿಸಿಕೊಟ್ಟರು. ಅವಳ ಅತ್ತೆಯೇ ಅವಳ ಜಡೆಗೆ ಹೂ ಮುಡಿಸುತ್ತಿದ್ದುದನ್ನು ಕಿಟಕಿಯಿಂದ ನೋಡಿದೆ. ಅದಾದ ಮೇಲೆ ಗಿರಿಯಮ್ಮ ನನ್ನ ಕೈಗೆ ಲೋಟ ಕೊಟ್ಟಾಗಲೆಲ್ಲ ನಾನು ನೀರು ಎಂದೆ. ನೀರು ಎನ್ನುತ್ತ ಎರಡನೆಯ ಮಳೆಗಾಲವೂ ಬಂತು. ನಾಲಿಗೆ ಕೂರಲಿಲ್ಲ.

ನನಗೆ ಹೋಗಲು ಇಷ್ಟವಿರಲಿಲ್ಲ. ತೌರಿನಲ್ಲಿದ್ದಾಗ, ಕಾಲೇಜು ಓದುವ ದಿನಗಳಲ್ಲೂ, ಬಾಗಿಲ ಅಗುಳಿ ಹಾಕಿದ್ದೇನೋ ಇಲ್ಲವೋ ಎಂದು ಹಾಸಿಗೆಯಿಂದ ಮತ್ತೆ ಮತ್ತೆ ಎದ್ದು ನೋಡಿಬರುವುದು ನನ್ನ ಅಭ್ಯಾಸವಾಗಿತ್ತು. ಅಣ್ಣಂದಿರು ಅದನ್ನೇ ನಕಲು ಮಾಡಿ ನಗುತ್ತಿದ್ದರು. ಈ ಮನೆಗೆ ಬಂದ ಮೇಲೆ ನಾನು ಎದ್ದ ಸದ್ದಾದರೆ ಸಾಕು, ಅತ್ತೆ ಕತ್ತಲಿನಿಂದಲೇ ಕೂಗುತ್ತಿದ್ದರು: "ಹಾಕೀನಿ ಮಲಗೇ." ಯಾಕೆ ಏಳುತ್ತೀ ಎಂದು ಒಮ್ಮೆಯೂ ಕೇಳಲಿಲ್ಲ. ಗಂಡ ಓಬಳೇಶ ಪಂಪ್‌ಸೆಟ್ ರಿಪೇರಿ ಮಾಡುವವನು. ಕೈಗೆ ಗ್ರೀಸ್ ಮೆತ್ತಿಕೊಂಡೇ ಊಟಕ್ಕೆ ಕೂತು ಅವ್ವನ ಹತ್ತಿರ ಬೈಸಿಕೊಳ್ಳುವವನು. ಇವರಿಬ್ಬರ ನಡುವೆ ನಾನು ನೆಮ್ಮದಿಯಾಗಿದ್ದೆ ಎಂದರೆ ಸುಳ್ಳಾಗುತ್ತದೆ. ನೆಮ್ಮದಿಯಾಗಿರಬಹುದಾದ ಜಾಗ ಇದು ಎಂದು ಗೊತ್ತಿತ್ತು. ಅದಕ್ಕೇ ಭಯ. ಇಷ್ಟು ಬೇಕು ಅನ್ನಿಸಿದರೂ ನನ್ನ ನಾಲಿಗೆ ಇನ್ನೂ ಬಾಗಿಲ ಹೊರಗೆ ಯಾಕೆ ನಿಂತಿದೆ ಎಂದು ಅಕ್ಕಿ ಆರಿಸುವಾಗ, ಬಟ್ಟೆ ಹಿಂಡುವಾಗ ನನ್ನನ್ನೇ ಕೇಳಿಕೊಳ್ಳುತ್ತಿದ್ದೆ.

ಬೆಣ್ಣೆ ಬೀರು ನೆಂಟರಿಗೆ ಹೋಯಿತು. ಲೋಟಗಳು ಅರ್ಧ ತುಂಬಿಯೇ ಜಗುಲಿಯಲ್ಲಿ ಉಳಿದವು. ಅತ್ತೆ ಒಂದೊಂದನ್ನೇ ಎತ್ತಿ ಬೆಳಕಿಗೆ ಹಿಡಿದು ನೋಡಿದರು. "ಸಣ್ಣೀರಿ ಚೆನ್ನಾಗೈತೆ ಅಂದ್ಲಲ್ಲ. ಇವರಿಗೇನಾತು?" ಅವರ ಆತಂಕಕ್ಕೆ ಕಾರಣವಿತ್ತು. ಬೇಸಿಗೆಗೆ ನಮ್ಮ ಬೀದಿಪಾಳಿ ಬರುತ್ತಿತ್ತು. ಆ ದಿನ ಪಾಳಿಯ ಮನೆಯವರು ಇಡೀ ಬೀದಿಗೆ ಬೀರು ಹಂಚಬೇಕು. ಹಂಚಿದ್ದು ಲೋಟಗಳಲ್ಲೇ ಉಳಿದರೆ ಆ ಮನೆಯ ಹೆಪ್ಪನ್ನು ಕಾಲುವೆಗೆ ಚೆಲ್ಲಿ, ಬೇರೆಯವರ ಮನೆಯಿಂದ ಹೆಪ್ಪು ಬೇಡಿ ತರಬೇಕು. ನಮ್ಮ ಹೆಪ್ಪು ಅತ್ತೆಗೆ ಅವರತ್ತೆ ಕೊಟ್ಟದ್ದು.

ಮುಂದಿನ ಗುಡಾಣವನ್ನು ನಾನು ನೆಲದಲ್ಲಿ ಇರುವೆ ಎಂದು ನೆಪ ಹೇಳಿ ಒಲೆಯ ಗೋಡೆಯ ಪಕ್ಕಕ್ಕೆ ಸರಿಸಿದೆ. ತೆರೆಯುವ ದಿನ ಬಂದಾಗ ತಲೆನೋವು ಎಂದು ಮಲಗಿ ಒಂದೆರಡು ದಿನ ಮುಂದೂಡಿದೆ. ಅತ್ತೆಗೆ ಕಾಯುವುದು ಎಂದರೆ ಆಗದು. ಬೆಣ್ಣೆ ಕಡಿಮೆಯಾಯಿತು, ಹೋಗಲಿಲ್ಲ. ಸಣ್ಣೀರಮ್ಮ ಬಂದು ಮತ್ತೆ ಕಣ್ಣು ಮುಚ್ಚಿ ಹೇಳಿದರು: "ಚೆನ್ನಾಗೈತೆ."

ಅವರು ಬೇಕೆಂದೇ ಸುಳ್ಳು ಹೇಳುತ್ತಿದ್ದಾರೆ ಎಂಬುದರಲ್ಲಿ ನನಗೆ ಅನುಮಾನ ಉಳಿಯಲಿಲ್ಲ. ಯಾವ ಸಿಟ್ಟಿಗೆ ಎಂದು ತಿಳಿಯದೆ ಹಿತ್ತಲಲ್ಲಿ ಓಡಾಡಿದೆ. ಅತ್ತೆಯ ಬಳಿ ಹೇಳೋಣವೆಂದರೆ, ಬೀರು ಕೆಟ್ಟಿದೆ ಎಂದು ನಿನಗೆ ಹೇಗೆ ಗೊತ್ತಾಯಿತು ಎನ್ನುವ ಒಂದೇ ಪ್ರಶ್ನೆಗೆ ನನ್ನ ಸೀರೆ ಮಡಚಿ ಪೆಟ್ಟಿಗೆ ಸೇರುತ್ತದೆ. ಕೊನೆಗೆ ಒಂದು ಉಪಾಯ ಹೊಳೆಯಿತು. ಹಿಂದಿನ ವರ್ಷ ಪೂರ್ತಿ ಹುಳಿಯಾಗಿ ಹೋದ ಒಂದು ಗಡಿಗೆ ಬೀರನ್ನು ಅತ್ತೆ ತಾಮ್ರದ ಪಾತ್ರೆ ಬೆಳಗಲು ಇಟ್ಟುಕೊಂಡಿದ್ದರು. ಅದು ಕೆಟ್ಟಿದೆ ಎಂದು ಆಗ ತೀರ್ಪು ಕೊಟ್ಟವರೂ ಸಣ್ಣೀರಮ್ಮನೇ. ಅದನ್ನೇ ಒಂದು ಚೆಂಬು ತುಂಬಿಕೊಂಡು, ಗಿರಣಿಯಲ್ಲಿ ಯಾರೂ ಇಲ್ಲದ ಮಧ್ಯಾಹ್ನ ಹೋದೆ.

"ಹೊಸ ಗುಡಾಣದ್ದು ಸಣ್ಣೀರಕ್ಕ. ಅತ್ತೆ ಇನ್ನೊಂದು ಸಲ ನೋಡಿ ಹೇಳಿ ಅಂದ್ರು."

ಅವರು ಲೋಟಕ್ಕೆ ಬಗ್ಗಿಸಿ ಕುಡಿದರು. ಬಾಯಲ್ಲಿ ಆಡಿಸಿದರು. ನನ್ನ ಹಲ್ಲು ಅವರ ಬದಲಿಗೆ ಜುಂ ಎಂದವು.

"ಚೆನ್ನಾಗೈತೆ ಕಣವ್ವ. ಒಂದು ಮಾತಿಲ್ಲ."

"ಅದು ಪಾತ್ರೆ ಬೆಳಗೋ ಹುಳಿ ಸಣ್ಣೀರಕ್ಕ," ಎಂದೆ.

ಗಿರಣಿಯ ಪಟ್ಟಿ ಖಾಲಿ ತಿರುಗುತ್ತಿತ್ತು. ಅವರು ಹೋಗಿ ಅದನ್ನು ನಿಲ್ಲಿಸಿದರು, ತಿರುಗಿ ಬಂದು ಹಿಟ್ಟಿನ ಚೀಲದ ಮೇಲೆ ಕುಸಿದರು. ಬೈಯುತ್ತಾರೆ ಎಂದುಕೊಂಡೆ. ಅವರು ಸೆರಗಿನ ತುದಿಯಿಂದ ನಾಲಿಗೆ ಒರೆಸಿಕೊಂಡರು, ಅಲ್ಲೇನೋ ಅಂಟಿದೆ ಎಂಬಂತೆ.

"ನೀರು ಕಣೆ," ಎಂದರು. "ಹೋದ ಚಳೀಲಿ ಜ್ವರ ಬಂದು ಬಿದ್ದಿದ್ನಲ್ಲ, ನಿಮ್ಮತ್ತೆ ನನ್ನ ನಿಮ್ಮನೇಲೇ ಮಲಗಿಸ್ಕಂಡು ಗಂಜಿ ಕುಡಿಸಿದ್ಲಲ್ಲ. ಎದ್ದ ಮೇಲೆ ಮೊದಲ ಸಲ ನಿಮ್ಮ ಗುಡಾಣಕ್ಕೆ ಲೋಟ ಹಾಕ್ದೆ. ನೀರು. ಬಾಯಿ ಕೆಟ್ಟೈತೆ ಅಂದ್ಕಂಡೆ. ಮನೆಗೆ ಹೋಗಿ ನಮ್ಮದನ್ನ ಕುಡಿದ್ರೆ ರುಚಿ! ನನ್ನ ಜನ್ಮದಲ್ಲಿ ಮೊದಲ ಸಲ ನಮ್ಮನೆ ಬೀರಿನ ರುಚಿ ನೋಡ್ದೆ. ಏನ್ ಕಹಿ ಅಂತೀಯ, ಬೇವಿನ ಕಷಾಯ! ಇಷ್ಟು ವರ್ಷ ಜನ ಹೆಂಗೆ ಕುಡಿದ್ರೋ." ನಗಲು ಹೊರಟು ಅರ್ಧಕ್ಕೆ ನಿಂತರು. "ಗಂಡ ಸತ್ತ, ಮಕ್ಕಳಿಲ್ಲ. ನನ್ನ ನಾಲಿಗೆ ಬ್ಯಾರೆ ಮನೆ ಹುಡುಕ್ಕೊಂಡು ಹೋಗೈತೆ ಅಂತ ಯಾರ ಮುಂದೆ ಹೇಳ್ಲಿ?"

ನನಗೆ ಕನಿಕರ ಬರಬೇಕಿತ್ತು. ಬಂದದ್ದು ಹೊಟ್ಟೆಕಿಚ್ಚು. ನಾನು ಎರಡು ವರ್ಷ ಲೋಟ ಲೋಟ ಕುಡಿದು ಕಾದದ್ದು ಇವರಿಗೆ ಗಂಜಿ ಕುಡಿದಷ್ಟರಲ್ಲೇ ಸಿಕ್ಕಿಬಿಟ್ಟಿತ್ತು.

ಅಷ್ಟರಲ್ಲಿ ಅವರು ತಲೆ ಎತ್ತಿದರು. ಹಿಟ್ಟು ಮೆತ್ತಿದ ಹುಬ್ಬು ಮೇಲೇರಿತು. "ಅಲ್ಲಾ, ನಿಮ್ಮನೆ ಬೀರು ಸರಿಯಿಲ್ಲ ಅಂತ ನಿಂಗೆ ಅನುಮಾನ ಯಾಕೆ ಬಂತು? ನಂಗೆ ಪರೀಕ್ಷೆ ಇಡ್ಬೇಕು ಅಂತ ಯಾಕೆ ಅನ್ನಿಸ್ತು?"

ನಾನು ಚೆಂಬನ್ನು ಈ ಕೈಯಿಂದ ಆ ಕೈಗೆ ಬದಲಿಸಿದೆ.

"ಅಯ್ಯೋ ಹುಡುಗಿ," ಎಂದರು ಸಣ್ಣೀರಮ್ಮ. "ಇನ್ನೂ ಕೂತಿಲ್ವಾ?"

ಆ ಮಧ್ಯಾಹ್ನ ನಾವಿಬ್ಬರೂ ಒಂದು ಏರ್ಪಾಡು ಮಾಡಿಕೊಂಡೆವು. ರುಚಿ ನೋಡುವುದು ನಾನು, ಹೇಳುವುದು ಅವರು. ಗುಡಾಣ ತೆರೆದ ಬೆಳಿಗ್ಗೆ ನಾನು ಗೋಡೆಯ ಮೇಲಿಂದ ಎರವಲು ಕೇಳುತ್ತಿದ್ದೆ. ಬೆಣ್ಣೆ ಕೇಳಿದರೆ ಬೆಣ್ಣೆ ವಾಸನೆ. ಜೋಳ ಕೇಳಿದರೆ ಜೋಳದ್ದು. ಸೀಬೆಕಾಯಿ ಕೇಳಿದರೆ ಬೀರು ಇನ್ನೂ ಎಳೆಯದು, ಹಸಿ ಕಾಯಿ ಕಚ್ಚಿದಂತಿದೆ ಎಂದು. ಉಪ್ಪು ಕೇಳಿದರೆ ಎಲ್ಲ ಸರಿ ಎಂದು. ಸಣ್ಣೀರಮ್ಮ ಒಳಗೆ ಬಂದು ಕಣ್ಣು ಮುಚ್ಚಿ, ಮೊದಲಿಗಿಂತ ಹೆಚ್ಚು ಗತ್ತಿನಿಂದ, "ಗಿರಿಯಕ್ಕ, ಬೆಣ್ಣೆ ಐತೆ. ಇನ್ನೊಂದು ವಾರ ಬೆಚ್ಚಗೆ ಬಿಡು," ಎನ್ನುತ್ತಿದ್ದರು. ಅತ್ತೆ ಬಿಡುತ್ತಿದ್ದರು. ಬೀರು ಸುಧಾರಿಸಿತು. ಲೋಟಗಳು ಖಾಲಿಯಾಗಿ ಹಿಂದಿರುಗತೊಡಗಿದವು.

"ಏನೇ ಇದು, ದಿನಾ ಎರವಲು?" ಎಂದು ಅತ್ತೆ ಒಮ್ಮೆ ರೇಗಿದರು. "ನಮ್ಮನೇಲಿ ಉಪ್ಪಿಗೂ ಗತಿಯಿಲ್ಲ ಅಂದ್ಕಳಲ್ವಾ ಜನ?"

"ಕಲ್ಲುಪ್ಪು ಬೇಕಿತ್ತು ಅತ್ತೆ," ಎಂದೆ.

"ಕಲ್ಲುಪ್ಪು ತಿಂದು ತಿಂದು ನೀನೂ ಕಲ್ಲಾಗ್ತೀಯ," ಎಂದು ಓಬಳೇಶ ತಟ್ಟೆಯ ಮೇಲೆ ಬಗ್ಗಿಕೊಂಡೇ ನಕ್ಕ.

ಪಾಳಿಯ ಬೀರು ನಾನು ಈ ಮನೆಯಲ್ಲಿ ಕುಡಿದ ಬೀರುಗಳಲ್ಲೇ ಚೆನ್ನಾಗಿತ್ತು. ಬಿಸಿ ರೊಟ್ಟಿಯ ಅಂಚಿನಂಥ ರುಚಿ, ಕೊನೆಗೆ ಕುದಿಯುವಾಗ ಹಾಕಿದ ಕಹಿಹೂವಿನ ಒಂದು ಸಣ್ಣ ಚಿವುಟು. ಉಪ್ಪು ಕೇಳಿದೆ. ಸಣ್ಣೀರಮ್ಮ ಬಂದು ಹೊಗಳಿದರು, ಬೀದಿಗೆಲ್ಲ ಸಾರಿದರು. ಅತ್ತೆ ಅದನ್ನು ಹಂಚುವ ಮಡಕೆಗಳಿಗೆ ತುಂಬಿಸಿ, ಬಾಯಿ ಕಟ್ಟಿ, ಪಾಳಿಯ ದಿನದವರೆಗೆ ನಡುಮನೆಯಲ್ಲಿಟ್ಟರು. ನನಗೆ ಮಾತ್ರ ಸುಮ್ಮನಿರಲಾಗಲಿಲ್ಲ. ಆ ದಿನ ಚಾಪೆ ಹಾಸಿ, ಜನ ಲೋಟ ಹಿಡಿದು ಅಂಗಳಕ್ಕೆ ಬರತೊಡಗಿದ್ದಾಗ, ಅಗುಳಿ ನೋಡಿಬರುವವಳಂತೆ ನಡುಮನೆಗೆ ಹೋಗಿ ಒಂದು ಮಡಕೆಯ ಬಟ್ಟೆ ಸರಿಸಿ ಬೆರಳು ಅದ್ದಿ ನೆಕ್ಕಿದೆ.

ಹುಳಿ. ಎರಡನೆಯ ಮಡಕೆಯೂ ಹುಳಿ. ಮೂರನೆಯದೂ. ಗುಡಾಣದ ತಳದಲ್ಲಿ ಉಳಿದಿದ್ದ ಸ್ವಲ್ಪವನ್ನು ನೋಡಿದೆ. ಅದು ಮಾತ್ರ ಇನ್ನೂ ರೊಟ್ಟಿಯ ರುಚಿಯದೇ. ಹಾಗಾದರೆ ಕೆಟ್ಟದ್ದು ತುಂಬಿಸುವಾಗ. ಮೂಲೆಯಲ್ಲಿ ಅತ್ತೆ ತುಂಬಿಸಲು ಬಳಸಿದ ಮರದ ಸೌಟು ಒರಗಿತ್ತು. ಉಗುರು ಹಾಕಿದಾಗ ಬಟ್ಟಲಿನ ಸೀಳಿನಿಂದ ಬೂದು ಬಣ್ಣದ ಲೋಳೆ ಎದ್ದು ಬಂತು.

"ವಾರಿಜಾ, ಮಡಕೆ ಎತ್ತು, ಎಲ್ಲಾ ಬಂದ್ರು," ಎನ್ನುತ್ತ ಅತ್ತೆ ಒಳಗೆ ಬಂದರು. ಹೊಸ ಸೀರೆ ಉಟ್ಟಿದ್ದರು. ನಾನು ಮಡಕೆಯ ಮುಂದೆ ನಿಂತೆ. ಎಷ್ಟೋ ವಾಕ್ಯಗಳನ್ನು ಮನಸ್ಸಿನಲ್ಲೇ ತಿದ್ದಿ ತಿದ್ದಿ ಇಟ್ಟುಕೊಳ್ಳುವವಳು ನಾನು. ಆಗ ಒಂದೂ ಒದಗಲಿಲ್ಲ.

"ಹಂಚಬೇಡಿ ಅತ್ತೆ. ಹುಳಿಯಾಗಿದೆ."

"ಯಾರಂದ್ರು?"

"ನಾನೇ ಕುಡಿದು ನೋಡಿದೆ."

ಅವರು ನನ್ನನ್ನು ನೋಡಿದರು. ಅಂಗಳದಲ್ಲಿ ಯಾರೋ ಲೋಟಕ್ಕೆ ಲೋಟ ಬಡಿದು ತಾಳ ಹಾಕುತ್ತಿದ್ದರು.

"ಯಾವಾಗಿಂದ?"

"ಮೊದಲಿಂದಲೂ."

ಅತ್ತೆ ಬಗ್ಗಿ ಒಂದು ಮಡಕೆಯಿಂದ ಬೊಗಸೆಯಲ್ಲಿ ತೆಗೆದು ಕುಡಿದರು, ಅದರಿಂದ ಏನಾದರೂ ತಿಳಿಯುತ್ತದೇನೋ ಎಂಬಂತೆ. ಕೈ ಒದರಿದರು. ಆಮೇಲೆ ಸೆರಗು ಸರಿಪಡಿಸಿಕೊಂಡು ಹೊರಗೆ ನಡೆದರು. ನಾನು ಹಿಂದೆಯೇ ಹೋಗಿ ಬಾಗಿಲಲ್ಲಿ ನಿಂತೆ. ಪೆಟ್ಟಿಗೆ ಎಲ್ಲಿದೆ, ಯಾವ ಸೀರೆ ಕೆಳಗಿದೆ ಎಂಬುದನ್ನೆಲ್ಲ ಆಗಲೇ ಯೋಚಿಸತೊಡಗಿದ್ದೆ.

"ಇವತ್ತು ಹಂಚೋದಿಲ್ಲ. ಬೀರು ಹುಳಿ ಬಂದೈತೆ," ಎಂದರು ಅತ್ತೆ. "ತಿಂಗಳು ಬಿಟ್ಟು ಬನ್ನಿ."

ಕೆರೆ ಕಡೆಯ ಮನೆಯ ಯಜಮಾನ ಎದ್ದು ನಿಂತ. "ಸಣ್ಣೀರಕ್ಕ ಈಗ ತಾನೇ ದಾರಿ ಉದ್ದಕ್ಕೂ ಹೊಗಳ್ಕಂಡು ಬಂದ್ಲಲ್ಲ. ಮತ್ತೆ ಕುಡಿದು ನೋಡ್ದೋರು ಯಾರು?"

ಸಣ್ಣೀರಮ್ಮನ ಮುಖ ಅವರ ಹುಬ್ಬಿನಷ್ಟೇ ಬೆಳ್ಳಗಾಯಿತು. ಎಲ್ಲರ ಕಣ್ಣು ಬಾಗಿಲ ಕಡೆ, ನನ್ನ ಕಡೆ ತಿರುಗಿತು. ಸೊಸೆ ಎಂದರೆ ಮೊದಲು ಅನುಮಾನ ಅವಳ ಮೇಲೆಯೇ.

"ಸಣ್ಣೀರಿ ಕುಡಿದಾಗ ಚೆನ್ನಾಗಿತ್ತು, ಆಮೇಲೆ ಕೆಟ್ಟೈತೆ. ಅವಳ ಮಾತು ಸುಳ್ಳಲ್ಲ," ಎಂದರು ಗಿರಿಯಮ್ಮ. "ಈಗ ಕುಡಿದು ನೋಡ್ದೋಳು ನಾನು."

"ನೀನಾ?"

"ನಾನೇ. ನನ್ನ ನಾಲಿಗೆ ಎದ್ದೈತೆ."

ಹಿಂದಿನ ಸಾಲಿನಿಂದ ಒಬ್ಬಳು ಕಿಸಕ್ಕೆಂದಳು. "ಅಲ್ಲ ಗಿರಿಯಕ್ಕ, ಈ ವಯಸ್ಸಲ್ಲಿ ನಿನ್ನ ತೌರಿಗೆ ಬಿಟ್ಟು ಬರೋರು ಯಾರು?"

"ಯಾಕೆ, ಬಸ್ಸಿಲ್ವಾ? ನನ್ನ ತಮ್ಮ ಇನ್ನೂ ಬದುಕವ್ನೆ. ರೂಲು ಅಂದ್ರೆ ರೂಲು," ಎಂದು ಅತ್ತೆ ಒಳಗೆ ತಿರುಗಿ, ನನ್ನನ್ನು ದಾಟುವಾಗ ದನಿ ಇಳಿಸಿದರು. "ನಾನು ಹೋದ್ರೆ ವಾಪಸ್ ಬರ್ತೀನಿ ಕಣೆ. ನೀನು ಹೋದ್ರೆ?"

ಓಬಳೇಶ ಅವ್ವನ ಹಿಂದೆ ಹಿಂದೆ ಓಡಾಡಿ, "ಏನವ್ವ ಇದು, ನಿಜವೇನವ್ವ," ಎಂದು ಕೇಳಿದ. "ಚೀಲ ಹುಡುಕು," ಎಂಬುದಷ್ಟೇ ಅವನಿಗೆ ಸಿಕ್ಕ ಉತ್ತರ. ಸಂಜೆಯ ಬಸ್ಸಿಗೆ ಬೀದಿಯ ಹೆಂಗಸರೆಲ್ಲ ಬಂದರು, ಮದುವಣಗಿತ್ತಿಯನ್ನು ಕಳಿಸುವವರಂತೆ ಚುಡಾಯಿಸುತ್ತ. ಸಣ್ಣೀರಮ್ಮ ಮಾತ್ರ ಒಂದು ಪೊಟ್ಟಣ ಹಿಟ್ಟನ್ನು ಅತ್ತೆಯ ಚೀಲಕ್ಕೆ ತುರುಕಿ, ಮುಖ ತೋರಿಸದೆ ಹಿಂದಕ್ಕೆ ಸರಿದರು. ಡ್ರೈವರ್ ಟೀ ಕುಡಿಯಲು ಹೋಗಿದ್ದ. ಅತ್ತೆ ಕಿಟಕಿಯ ಪಕ್ಕ ಕೂತು ನನ್ನನ್ನು ಹತ್ತಿರ ಕರೆದರು.

"ಯಾತರಿಂದ ಹುಳಿ ಆತು?"

ಎರಡು ವರ್ಷದಲ್ಲಿ ಯಾರೂ ನನ್ನನ್ನು ಅಂಥ ಪ್ರಶ್ನೆ ಕೇಳಿರಲಿಲ್ಲ. "ಸೌಟಿಂದ," ಎಂದೆ. "ಅದರಲ್ಲಿ ಸೀಳು ಬಿಟ್ಟಿದೆ. ಹಳೇದೆಲ್ಲ ಅಲ್ಲೇ ಕೂತು ಕೊಳೆತಿದೆ."

"ಅದು ನಮ್ಮತ್ತೇದು."

"ಗೊತ್ತು."

ಅವರು ಬಸ್ಸಿನ ಕಂಬಿಯನ್ನು ಸ್ವಲ್ಪ ಹೊತ್ತು ಉಜ್ಜಿದರು. "ಒಲೆಗೆ ಹಾಕು. ಇನ್ನೇನೇನು ಕೆಟ್ಟೈತೆ, ಹೇಳು."

ಗೋಡೆಯ ಮೇಲಿಂದ ಎರವಲು ಕೇಳಿ ಹೇಳಲಾಗದಿದ್ದದ್ದನ್ನೆಲ್ಲ ಹೇಳತೊಡಗಿದೆ. ಮೊಳಕೆಕಾಳು ಕುದಿಸಿದ ಬಿಸಿ ಗಂಜಿಯನ್ನು ಬೇಗ ಆರಿಸುವುದಿಲ್ಲ ಎಂದೆ. ಬೀರು ತುಂಬಿದ ಸೀಸೆಗಳನ್ನು ಬಿಸಿಲು ಬೀಳುವ ಕಿಟಕಿಯಲ್ಲಿ ಇಡುತ್ತೀರಿ, ಅದಕ್ಕೇ ಬೆಕ್ಕು ಹೊಕ್ಕ ಅಟ್ಟದ ವಾಸನೆ ಎಂದೆ. ಮೊಳಕೆಕಾಳಿನ ಸಿಪ್ಪೆಯನ್ನು ಕೊನೆಯ ಹನಿಯವರೆಗೂ ಹಿಂಡುತ್ತೀರಿ, ಬಾಯಿ ಒಗರಾಗುತ್ತದೆ ಎಂದೆ. ಹೋದ ದೀಪಾವಳಿಯದಕ್ಕೆ ಕೊಳೆತ ಮೊಟ್ಟೆಯ ನಾತವಿತ್ತು, ತುಕ್ಕು ಹಿಡಿದ ಬಕೆಟ್ ಬಳಸಿದಾಗ ರಕ್ತ ನೆಕ್ಕಿದಂತಿತ್ತು. ಒಮ್ಮೆ ಶುರುವಾದ ಮೇಲೆ ನಿಲ್ಲಿಸಲಾಗಲಿಲ್ಲ. ಅತ್ತೆಯ ಬಾಯಿ ತೆರೆದುಕೊಂಡೇ ಇತ್ತು.

"ಮೊಟ್ಟೆ ನಾತದ್ದನ್ನ ನೀನು ಎರಡೆರಡು ಲೋಟ ಕುಡಿದ್ಯಲ್ಲೇ! ನಾನು ಇನ್ನೊಂದು ಹಾಕ್ಲಾ ಅಂದ್ರೆ ಹಾಕಿ ಅಂದೆ!"

"ಹೂಂ."

ಡ್ರೈವರ್ ಬಂದು ಹತ್ತಿದ. ಬಸ್ಸು ಗುರುಗುಟ್ಟಿ ಅಲುಗಾಡಿತು. ಅತ್ತೆ ಕಿಟಕಿಯಿಂದ ಕೈ ಚಾಚಿ ನನ್ನ ಗದ್ದ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿದರು, ಇಷ್ಟು ದಿನ ತಮ್ಮ ಮನೆಯಲ್ಲಿದ್ದದ್ದು ಯಾರು ಎಂದು ಹುಡುಕುವವರ ಹಾಗೆ.

"ನಾನಾಗಿದ್ರೆ ಮೊದಲನೇ ಗುಟುಕಿಗೇ ಓಡಿಹೋಗ್ತಿದ್ದೆ," ಎಂದರು. ಬಸ್ಸು ಮುಂದಕ್ಕೆ ಜರುಗಿತು. ಅವರ ಕೈ ಬಿಡಲಿಲ್ಲ, ಬಸ್ಸಿನ ಜೊತೆಗೆ ನಾನೂ ನಾಲ್ಕು ಹೆಜ್ಜೆ ಓಡಬೇಕಾಯಿತು.